ಫೀ ಕೌಂಟರಿನ ಮುಂದೆ ನಿಂತ ಸಿಪಾಯಿ



ಇದೇ ಕಾಲೇಜಿನಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಆಮೇಲೆ ಅಮೆರಿಕಕ್ಕೆ ಹೋಗಿ, ಮತ್ತೆ ಇಲ್ಲಿಗೇ ಬರೋಣ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಬಿ.ಎ. ಮೊದಲ ವರ್ಷಕ್ಕೆ ಒಬ್ಬರು ಸೇರಿದರು. ಹದಿನೇಳು ವರ್ಷ ಸೇನೆಯಲ್ಲಿದ್ದು, ನಾಯಕ್ ಹುದ್ದೆಯಿಂದ ನಿವೃತ್ತರಾಗಿ ಊರಿಗೆ ಬಂದವರು. ವಯಸ್ಸು ಮೂವತ್ತೆಂಟು. ಆದರೂ ನಾನು ತರಗತಿಗೆ ಕಾಲಿಟ್ಟ ಕೂಡಲೇ ಎದ್ದು ನಿಲ್ಲುತ್ತಿದ್ದರು. ಉಳಿದ ಹುಡುಗರು ಅವರನ್ನು ‘ಮಿಲ್ಟ್ರಿ ಕಾಕಾ’ ಎನ್ನುತ್ತಿದ್ದರು. ಕಿಟಕಿಯ ಪಕ್ಕದ ಎರಡನೆಯ ಬೆಂಚು ಅವರದು. ಗಂಟೆ ಬಾರಿಸುವ ಹದಿನೈದು ನಿಮಿಷ ಮೊದಲೇ ಅಲ್ಲಿ ಕೂತಿರುತ್ತಿದ್ದರು.

ಜುಲೈ 26ಕ್ಕೆ ಕಾರ್ಗಿಲ್ ವಿಜಯ ದಿವಸ. ಕಾರ್ಯಕ್ರಮ ನನ್ನ ಹೆಗಲಿಗೆ ಬಿತ್ತು. ಅವರನ್ನು ಒಂದು ಮಾತೂ ಕೇಳದೆ ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ಹಾಕಿಸಿದೆ. ಹಿಂದಿನ ಸಂಜೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತರು. “ಸರ್, ನಾಳೆ ನನಗ ರಜಾ ಬೇಕ್ರಿ” ಎಂದರು. ಕಾರಣ ಕೇಳಿದೆ. “ಅದರ ಬಗ್ಗೆ ಮಾತಾಡೂದು ಆಗೂದಿಲ್ರಿ.” ಐದೇ ನಿಮಿಷ, ಮಕ್ಕಳಿಗೆ ಸ್ಫೂರ್ತಿ ಸಿಗುತ್ತದೆ ಎಂದೆ. ಸೇನೆಯಲ್ಲಿ ಹದಿನೇಳು ವರ್ಷ ‘ಹೌದು ಸಾಬ್’ ಎಂದು ಅಭ್ಯಾಸವಾದ ಮನುಷ್ಯ, ಮರುದಿನ ಇಸ್ತ್ರಿ ಅಂಗಿಯ ಮೇಲೆ ಪದಕ ಸಿಕ್ಕಿಸಿಕೊಂಡು ಬಂದರು. ಮೈಕಿನ ಮುಂದೆ ಚಳಿಯ ಬಗ್ಗೆ ಒಂದು ಮಾತು, ಊಟದ ಬಗ್ಗೆ ಒಂದು ಮಾತು ಹೇಳಿ ಇಳಿದರು. ನಾವು ಚಪ್ಪಾಳೆ ಹೊಡೆದೆವು, ಶಾಲು ಹೊದಿಸಿದೆವು. ಮರುದಿನದಿಂದ ಅವರು ಕಾಲೇಜಿಗೆ ಬರಲಿಲ್ಲ.

ಬಂದದ್ದು ಮೂರು ವಾರದ ಮೇಲೆ. ಮಧ್ಯೆ ಮಧ್ಯೆ ಮತ್ತೆ ಗೈರು. ವರ್ಷದ ಕೊನೆಗೆ ಹಾಜರಿ ಎಪ್ಪತ್ತೈದು ಮುಟ್ಟಲಿಲ್ಲ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಶಾರ್ಟೇಜ್’ ಎಂದು ಬರೆದದ್ದು ಈ ಕೈಯೇ. ಕಚೇರಿಯವರು ವೈದ್ಯಕೀಯ ಸರ್ಟಿಫಿಕೇಟ್ ಕೊಡಿ, ನೋಡೋಣ ಎಂದರಂತೆ. ಸರ್ಟಿಫಿಕೇಟ್ ಅವರ ಅಂಗಿಯ ಜೇಬಿನಲ್ಲೇ ಇತ್ತು. ಅದರ ತಲೆಯ ಮೇಲೆ ಮನೋರೋಗ ವಿಭಾಗ ಎಂದು ಅಚ್ಚಾಗಿತ್ತು. ಫೀ ಕೌಂಟರಿನ ಕಿಟಕಿಯೊಳಗೆ, ಬೆನ್ನ ಹಿಂದೆ ಹದಿನೆಂಟರ ಹುಡುಗರ ಸಾಲು ನಿಂತಿರುವಾಗ, ಆ ಕಾಗದ ಚಾಚಲು ಅವರ ಕೈ ಬರಲಿಲ್ಲ. ಪರೀಕ್ಷೆಗೆ ಕೂರಲಿಲ್ಲ. ಈ ವಿಷಯ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಮದುವೆ ಊಟದ ಪಂಕ್ತಿಯಲ್ಲಿ, ಅವರ ಬಾಯಿಂದಲೇ. ಅವರು ನಗುತ್ತಲೇ ಹೇಳಿದರು. ನನಗೆ ತುತ್ತು ಇಳಿಯಲಿಲ್ಲ.

ನಾನು ಇತಿಹಾಸದ ಮೇಷ್ಟ್ರು, ಮನೋವೈದ್ಯನಲ್ಲ. ಆದ್ದರಿಂದ ಈ ವಿಷಯವನ್ನು ಇತಿಹಾಸದ ದಾರಿಯಲ್ಲೇ ಹಿಡಿಯುತ್ತೇನೆ.

ನಮ್ಮ ನಾಡಿನಲ್ಲಿ ಯಾವ ಊರಿಗೆ ಹೋದರೂ ಗುಡಿಯ ಪಕ್ಕದಲ್ಲೋ ಕೆರೆಯ ಏರಿಯ ಮೇಲೋ ವೀರಗಲ್ಲು ಸಿಗುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಒಯ್ಯುವುದು, ಮೇಲೆ ಕೈಲಾಸ. ಸಾವಿರ ವರ್ಷಗಳಿಂದ ನಾವು ಸತ್ತ ವೀರನಿಗೆ ಕಲ್ಲು ನೆಡುತ್ತಲೇ ಬಂದಿದ್ದೇವೆ. ಅದೇ ಕಾಳಗದಿಂದ ಬದುಕಿ ಬಂದವನು ಮರುದಿನ ಹೊಲಕ್ಕೆ ಹೋದನೇ, ರಾತ್ರಿ ಅವನಿಗೆ ನಿದ್ದೆ ಬಂತೇ ಎನ್ನುವುದಕ್ಕೆ ಕಲ್ಲಿನಲ್ಲಿ ಪಟ್ಟಿ ಇಲ್ಲ. ರನ್ನನೊಬ್ಬ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿದ. ಗುರು, ತಮ್ಮ, ಮಗ, ಗೆಳೆಯ, ಒಬ್ಬೊಬ್ಬರ ಹೆಣದ ಮುಂದೆಯೂ ನಿಲ್ಲಿಸಿದ. ಆ ಭಾಗವನ್ನು ಪಾಠ ಮಾಡುವಾಗ ನಮ್ಮ ಕನ್ನಡ ವಿಭಾಗದವರು ಕರುಣರಸ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ಅದೇ ತರಗತಿಯ ಎರಡನೆಯ ಬೆಂಚಿನಲ್ಲಿ ಅಂಥ ನೆಲದ ಮೇಲೆ ನಡೆದು ಬಂದವರೊಬ್ಬರು ಕೂತಿರಬಹುದು ಎಂದು ನಮಗೆ ಹೊಳೆಯುವುದಿಲ್ಲ.

ಮರಳಿ ಬಂದ ಸಿಪಾಯಿಯನ್ನು ಕಾಲೇಜಿನ ಬೆಂಚಿನ ಮೇಲೆ ಕೂರಿಸುವ ಕೆಲಸವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಮಾಡಿದ ದೇಶ ಅಮೆರಿಕ. ಅದು ಪ್ರೀತಿಯಿಂದಲೇ ಮಾಡಿದ್ದಲ್ಲ, ಹೆದರಿ ಮಾಡಿದ್ದು. ಮೊದಲ ಮಹಾಯುದ್ಧದ ಸೈನಿಕರಿಗೆ ಸರ್ಕಾರ ಬೋನಸ್ ಕೊಡುತ್ತೇವೆಂದು ಪತ್ರ ಬರೆದುಕೊಟ್ಟಿತ್ತು. ಹಣ ಕೈಗೆ ಬರುವುದು ಮಾತ್ರ 1945ಕ್ಕೆ. 1932ರಲ್ಲಿ ಆರ್ಥಿಕ ಕುಸಿತದ ಹೊಡೆತಕ್ಕೆ ಹಸಿದ ಸಾವಿರಾರು ಮಾಜಿ ಸೈನಿಕರು ಹೆಂಡತಿ ಮಕ್ಕಳ ಸಮೇತ ವಾಷಿಂಗ್ಟನ್ನಿಗೆ ಬಂದು ಗುಡಿಸಲು ಹಾಕಿದರು. ಆ ವರ್ಷ ಜುಲೈ 28ರಂದು ಜನರಲ್ ಮೆಕಾರ್ಥರ್ ಟ್ಯಾಂಕು, ಅಶ್ರುವಾಯು ತಂದು ಅವರನ್ನು ಚದುರಿಸಿದ. ಗುಡಿಸಲುಗಳು ಸುಟ್ಟುಹೋದವು. ದೇಶದ ಸೇನೆ ದೇಶದ ಹಳೆಯ ಸೇನೆಯನ್ನು ಓಡಿಸಿದ ಆ ದೃಶ್ಯ ರಾಜಕಾರಣಿಗಳ ಕಣ್ಣಿಂದ ಹೋಗಲಿಲ್ಲ. ಎರಡನೆಯ ಮಹಾಯುದ್ಧ ಮುಗಿದರೆ ಒಂದೂವರೆ ಕೋಟಿ ಜನ ಒಮ್ಮೆಲೇ ಕೆಲಸ ಹುಡುಕುತ್ತ ಬರುತ್ತಾರೆ, ಏನು ಮಾಡೋಣ? 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಕಾನೂನಿಗೆ ಜನ ಇಟ್ಟ ಹೆಸರು ಜಿ.ಐ. ಬಿಲ್. ಓದುವವನಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕ, ಒಂಟಿಯಾಗಿದ್ದವನಿಗೆ ಮೊದಲಿಗೆ ತಿಂಗಳಿಗೆ 50 ಡಾಲರ್ ಖರ್ಚಿಗೆ.

ನಮ್ಮಂಥ ಮೇಷ್ಟ್ರುಗಳು ಆಗಲೂ ಮೂಗು ಮುರಿದರು. ಷಿಕಾಗೋ ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್, ಇದರಿಂದ ಕಾಲೇಜುಗಳು ಅಲೆಮಾರಿಗಳ ಬೀಡಾಗುತ್ತವೆ ಎಂದು ಪತ್ರಿಕೆಯಲ್ಲೇ ಬರೆದ. ಹಾರ್ವರ್ಡಿನ ಮುಖ್ಯಸ್ಥ ಕಾನಂಟ್‌ಗೂ ದಿಗಿಲಿತ್ತು. ನಡೆದದ್ದು ಬೇರೆ. 1947ರಲ್ಲಿ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಾಜಿ ಸೈನಿಕರು. ಒಟ್ಟು ಇಪ್ಪತ್ತೆರಡು ಲಕ್ಷ ಜನ ಕಾಲೇಜು ಮೆಟ್ಟಿಲು ಹತ್ತಿದರು. ಉಳಿಯಲು ಜಾಗವಿಲ್ಲದೆ ಸೇನೆಯ ತಗಡಿನ ಶೆಡ್ಡುಗಳನ್ನೇ ತಂದು ಆಟದ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದರು, ಅಲ್ಲಿಯೇ ಸಂಸಾರ, ಅಲ್ಲಿಯೇ ತೊಟ್ಟಿಲು, ಅಲ್ಲಿಯೇ ಓದು. ಎಷ್ಟು ಚೆನ್ನಾಗಿ ಓದಿದರೆಂದರೆ, ಇವರಿಂದ ತರಗತಿಯ ಸರಾಸರಿ ಏರಿ ನಮಗೆ ಕಷ್ಟವಾಗಿದೆ ಎಂದು ಎಳೆಯ ಹುಡುಗರು ಗೊಣಗಿದರು. ಕರಿಯ ಸೈನಿಕರಿಗೆ ಮಾತ್ರ ಇದೇ ಕಾನೂನು ಅರ್ಧಕ್ಕೇ ನಿಂತಿತು. ದಕ್ಷಿಣದ ಬಿಳಿಯರ ಕಾಲೇಜುಗಳು ಅವರಿಗೆ ಬಾಗಿಲು ತೆರೆಯಲಿಲ್ಲ, ಕರಿಯರ ಕಾಲೇಜುಗಳಲ್ಲಿ ಜಾಗ ಸಾಲಲಿಲ್ಲ. ಆ ಕಥೆಗೆ ಬೇರೆಯದೇ ಉಪನ್ಯಾಸ ಬೇಕು.

ಈ ಕಥೆಯನ್ನು ಎಲ್ಲರೂ ಹಣದ ಕಥೆಯಾಗಿ ಹೇಳುತ್ತಾರೆ. ಅದರ ಒಳಗೆ ಇನ್ನೊಂದಿದೆ. ಸೈನಿಕ ಯಾವ ವಿಷಯ ಓದಬೇಕು, ಯಾವ ಉದ್ಯೋಗಕ್ಕೆ ಹೊಂದುತ್ತಾನೆ ಎಂದು ಕೂರಿಸಿ ಮಾತಾಡಿಸಲು ಅಲ್ಲಿನ ವೆಟರನ್ಸ್ ಇಲಾಖೆ ಕಾಲೇಜುಗಳ ಜತೆ ಕರಾರು ಮಾಡಿಕೊಂಡು ಮಾರ್ಗದರ್ಶನ ಕೇಂದ್ರಗಳನ್ನು ತೆರೆಯಿತು. ಇವತ್ತು ಅಮೆರಿಕದ ಕಾಲೇಜುಗಳಲ್ಲಿರುವ ಕೌನ್ಸೆಲಿಂಗ್ ಕೇಂದ್ರಗಳಲ್ಲಿ ಹಲವು ಬೆಳೆದದ್ದು ಆ ಬೇರಿನಿಂದ. ಮನಶ್ಶಾಸ್ತ್ರಜ್ಞರು ಸಾಲದೆ 1946ರಲ್ಲಿ ಇಲಾಖೆ ತಾನೇ ಅವರಿಗೆ ತರಬೇತಿ ಕೊಡಿಸಲು ಹೊರಟಿತು. ಅಂದರೆ ಇಂದು ಅಲ್ಲಿ ಪ್ರೀತಿ ಮುರಿದು ಅಳುವ ಹತ್ತೊಂಬತ್ತರ ಹುಡುಗಿಗೆ ಸಿಗುವ ಕುರ್ಚಿಯನ್ನು ಮೊದಲು ಹಾಕಿಸಿದವನು ಸಿಪಾಯಿ. ಅವನಿಗೆ ಅನುಕೂಲ ಮಾಡಿಕೊಟ್ಟರೆ ಉಳಿದವರಿಗೆ ಕಡಿಮೆಯಾಗುತ್ತದೆ ಎನ್ನುವವರು ಇದನ್ನು ನೆನಪಿಡಬೇಕು.

ಆದರೆ ಅದೇ 1946ರಲ್ಲಿ ಇನ್ನೊಂದೂ ನಡೆಯಿತು. ಜಾನ್ ಹ್ಯೂಸ್ಟನ್ ಎಂಬ ಹೆಸರಾಂತ ನಿರ್ದೇಶಕನಿಂದ ಸೇನೆ, ಮನಸ್ಸು ಮುರಿದ ಸೈನಿಕರ ಆಸ್ಪತ್ರೆಯ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿಸಿತು. ನೋಡಿದ ಮೇಲೆ ಹೆದರಿ ಅದನ್ನು ಬಚ್ಚಿಟ್ಟಿತು. ಜನ ಅದನ್ನು ನೋಡಿದ್ದು 1980ರ ಕೊನೆಗೆ. ಮೂವತ್ತನಾಲ್ಕು ವರ್ಷ ಡಬ್ಬಿಯಲ್ಲಿದ್ದ ಆ ಚಿತ್ರ ಹೊರಬಂದ ವರ್ಷವೇ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ, ಆಘಾತದ ನಂತರ ಉಳಿಯುವ ಮನೋವ್ಯಾಧಿಗೆ, ಪಿಟಿಎಸ್‌ಡಿ ಎಂಬ ಹೆಸರು ಮೊದಲ ಬಾರಿ ಸೇರಿತು. ನಡುವೆ ವಿಯೆಟ್ನಾಂ ಯುದ್ಧ ಬಂದು ಹೋಗಿತ್ತು. ಅಲ್ಲಿಂದ ಬಂದ ಹುಡುಗರು ಸರ್ಕಾರಿ ಆಸ್ಪತ್ರೆಯನ್ನೂ ನಂಬಲಿಲ್ಲ, ಯುದ್ಧವಿರೋಧಿ ಕಾವಿನಲ್ಲಿದ್ದ ಕಾಲೇಜನ್ನೂ ನಂಬಲಿಲ್ಲ. 1970ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ತಾವೇ ಗುಂಪಾಗಿ ಕೂತು ಮಾತಾಡತೊಡಗಿದರು. ರಾಬರ್ಟ್ ಲಿಫ್ಟನ್, ಖೈಮ್ ಶತಾನ್ ಎಂಬ ಇಬ್ಬರು ಮನೋವೈದ್ಯರನ್ನು ಅವರೇ ಕರೆದರು, ಬಂದು ಕೂರಿ ಎಂದು. ರೋಗಿಗಳು ವೈದ್ಯರನ್ನು ತಮ್ಮ ಕಟ್ಟೆಗೆ ಕರೆಸಿಕೊಂಡ ಆ ರೀತಿಯೇ 1979ರಲ್ಲಿ ಕಾನೂನಾಯಿತು. ಆಸ್ಪತ್ರೆಯ ಕಾಂಪೌಂಡಿನ ಹೊರಗೆ, ಪೇಟೆಯ ಬೀದಿಯ ಮಳಿಗೆಗಳಲ್ಲಿ ‘ವೆಟ್ ಸೆಂಟರ್’ಗಳು ತೆರೆದವು. ಒಳಗೆ ಕೂತವರಲ್ಲಿ ಬಹಳಷ್ಟು ಜನ ತಾವೂ ಸೈನಿಕರಾಗಿದ್ದವರೇ. ಅಲ್ಲಿಯ ಕಡತ ಆಸ್ಪತ್ರೆಯ ಕಡತಕ್ಕೆ ಸೇರುವುದಿಲ್ಲ. ಇಂದು ಅಂಥವು ಮುನ್ನೂರು ಇವೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ಇರಾಕ್, ಅಫ್ಘಾನಿಸ್ತಾನದಿಂದ ಬಂದವರಿಗಾಗಿ 2008ರಲ್ಲಿ ಹೊಸ ಜಿ.ಐ. ಬಿಲ್ ಪಾಸಾಗಿ 2009ರ ಆಗಸ್ಟ್ 1ರಿಂದ ಜಾರಿಗೆ ಬಂತು. ಒಟ್ಟು 36 ತಿಂಗಳ ಓದು, ಸರ್ಕಾರಿ ಕಾಲೇಜಿನ ಪೂರ್ತಿ ಶುಲ್ಕ, ಪುಸ್ತಕಕ್ಕೆ ವರ್ಷಕ್ಕೆ 1000 ಡಾಲರ್‌ವರೆಗೆ, ಜತೆಗೆ ತಿಂಗಳು ತಿಂಗಳು ಮನೆ ಬಾಡಿಗೆ. ಕೇಳಿದರೆ ಕಿವಿಗೆ ಇಂಪು. ಆದರೆ ನಾನು ಹೇಳಬೇಕೆಂದಿರುವುದು ಈ ಕಾನೂನಿನ ಹೊಟ್ಟೆಯೊಳಗೆ ಇದೆ. ಸ್ವಲ್ಪ ಲೆಕ್ಕಪತ್ರದ ಮಾತು, ಸಹಿಸಿಕೊಳ್ಳಿ.

ಈ ಬಾಡಿಗೆ ಹಣ ಬರಬೇಕಾದರೆ ವಿದ್ಯಾರ್ಥಿ ಅರ್ಧಕ್ಕಿಂತ ಹೆಚ್ಚು ಹೊರೆಯ ವಿಷಯಗಳನ್ನು ತೆಗೆದುಕೊಂಡಿರಬೇಕು. ಎಷ್ಟು ತೆಗೆದುಕೊಂಡನೋ ಆ ಪ್ರಮಾಣದಲ್ಲಿ ಹಣ. ಮನಸ್ಸಿಗೆ ಆಗದು, ರಾತ್ರಿ ನಿದ್ದೆ ಇಲ್ಲ, ಒಂದು ವಿಷಯ ಬಿಡುತ್ತೇನೆ ಎಂದು ಬಿಟ್ಟ ಎಂದಿಟ್ಟುಕೊಳ್ಳಿ. ಬಾಡಿಗೆ ಕಡಿತವಾಗುತ್ತದೆ. ಅಷ್ಟೇ ಅಲ್ಲ, ಆ ವಿಷಯಕ್ಕೆ ಈಗಾಗಲೇ ಕೊಟ್ಟ ಹಣವನ್ನು ಇಲಾಖೆ ವಾಪಸು ಕೇಳಬಹುದು. ಓದಲು ಬಂದವನು ಸಾಲಗಾರನಾಗುತ್ತಾನೆ. ಕಾಯಿಲೆಯಂಥ ಕಾರಣ ತೋರಿಸಿದರೆ ವಿನಾಯಿತಿ ಇದೆ, ಮೊದಲ ಸಲಕ್ಕೆ ಆರು ಕ್ರೆಡಿಟ್‌ವರೆಗೆ ಕಾರಣವನ್ನೇ ಕೇಳದೆ ಬಿಡುವ ನಿಯಮವೂ ಇದೆ. ಆದರೆ ಅದನ್ನು ಯಾರಾದರೂ ಅವನಿಗೆ ಹೇಳಬೇಕಲ್ಲ? ಇನ್ನು ರಜೆಯ ತಿಂಗಳುಗಳು. 2011ರಿಂದ ಎರಡು ಸೆಮಿಸ್ಟರುಗಳ ನಡುವಿನ ಬಿಡುವಿಗೆ ಬಾಡಿಗೆ ಹಣ ನಿಂತುಹೋಯಿತು. ಮನೆ ಮಾಲೀಕನಿಗೆ ರಜೆ ಎಲ್ಲಿಯದು? 2017ರಲ್ಲಿ ಕಾನೂನು ತಿದ್ದಿ ಒಳ್ಳೆಯ ಸೌಲಭ್ಯಗಳನ್ನು ಸೇರಿಸಿದರು. ಅದಕ್ಕೆ ತಕ್ಕಂತೆ ಇಲಾಖೆಯ ಕಂಪ್ಯೂಟರು ತಯಾರಾಗದೆ 2018ರ ಕೊನೆಯ ತಿಂಗಳುಗಳಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ಹಣ ತಡವಾಯಿತು, ಇಲ್ಲವೇ ಲೆಕ್ಕ ತಪ್ಪಿ ಬಂತು. ಮನೆ ಖಾಲಿ ಮಾಡಬೇಕಾದೀತು ಎಂಬ ಭಯದಲ್ಲಿ ಸಂಸಾರಸ್ಥರು ದಿನ ದೂಡಿದರು. ಆ ತಿಂಗಳುಗಳಲ್ಲಿ ಎಷ್ಟು ಜನರ ರಕ್ತದೊತ್ತಡ ಏರಿತು, ಎಷ್ಟು ಮನೆಗಳಲ್ಲಿ ಜಗಳವಾಯಿತು ಎಂದು ಯಾವ ಆಸ್ಪತ್ರೆಯ ರಿಜಿಸ್ಟರಿನಲ್ಲೂ ಬರೆದಿರುವುದಿಲ್ಲ.

ಈ ಕಾಗದಪತ್ರಕ್ಕೆಲ್ಲ ಪ್ರತಿ ಕಾಲೇಜಿನಲ್ಲೂ ಒಬ್ಬ ನೌಕರ ಇರುತ್ತಾನೆ. ಯಾರು ಎಷ್ಟು ವಿಷಯ ತೆಗೆದುಕೊಂಡರು, ಯಾರು ಬಿಟ್ಟರು ಎಂದು ಇಲಾಖೆಗೆ ದೃಢೀಕರಿಸುವುದು ಅವನ ಕೆಲಸ. ನಮ್ಮ ಭಾಷೆಯಲ್ಲಿ ಸ್ಕಾಲರ್‌ಶಿಪ್ ಕೇಸ್ ವರ್ಕರ್. ಈ ಮನುಷ್ಯನೇ ಮಾಜಿ ಸೈನಿಕ ವಿದ್ಯಾರ್ಥಿಯ ಆರೋಗ್ಯದ ಮೊದಲ ಬಾಗಿಲು. ಯಾಕೆ ಎಂದರೆ, ವೈದ್ಯರ ಬಳಿಗೆ ಆ ವಿದ್ಯಾರ್ಥಿ ಹೋಗುವುದಿಲ್ಲ. 2004ರಲ್ಲಿ ಅಮೆರಿಕದ ಸೇನೆಯದೇ ಸಂಶೋಧಕರು, ಚಾರ್ಲ್ಸ್ ಹೋಗ್ ಮತ್ತು ಸಂಗಡಿಗರು, ಇರಾಕಿನಿಂದ ಮತ್ತು ಅಫ್ಘಾನಿಸ್ತಾನದಿಂದ ಬಂದವರನ್ನು ಕೇಳಿ ಬರೆದ ಪ್ರಸಿದ್ಧ ಲೇಖನವಿದೆ. ಮಾನಸಿಕ ತೊಂದರೆಯ ಲಕ್ಷಣ ಸ್ಪಷ್ಟವಾಗಿದ್ದವರಲ್ಲಿ ಚಿಕಿತ್ಸೆ ಹುಡುಕಿದವರು ನೂರಕ್ಕೆ 23ರಿಂದ 40 ಮಾತ್ರ. ‘ನಾನು ದುರ್ಬಲ ಎಂದುಕೊಂಡಾರು’ ಎಂಬ ಅಳುಕು ಯಾರಿಗೆ ಚಿಕಿತ್ಸೆ ಹೆಚ್ಚು ಬೇಕಿತ್ತೋ ಅವರಲ್ಲೇ ಹೆಚ್ಚು. ಕೌನ್ಸೆಲರ್ ಕೊಠಡಿಯ ಬಾಗಿಲಿಗೆ ಬೋರ್ಡು ಬರೆಸಿ ಕೂತರೆ ಸಿಪಾಯಿ ಆ ಬಾಗಿಲನ್ನು ದಾಟಿಕೊಂಡು ಮುಂದೆ ಹೋಗುತ್ತಾನೆ. ಹಣದ ಕಿಟಕಿಗೆ ಮಾತ್ರ ಪ್ರತಿ ಸೆಮಿಸ್ಟರಿಗೂ ಬಂದೇ ಬರಬೇಕು. ಕಳೆದ ಸಲ ಐದು ವಿಷಯ ಇದ್ದವನು ಈ ಸಲ ಮೂರಕ್ಕೆ ಇಳಿದಿದ್ದಾನೆ ಎನ್ನುವುದು ಮೊದಲು ಕಾಣುವುದು ಆ ಕಿಟಕಿಯ ಹಿಂದೆ ಕೂತವನಿಗೆ. ‘ಯಾಕೆ, ಹುಷಾರಿಲ್ಲವೇ?’ ಎಂದು ಕೇಳುವ ಅವಕಾಶವೂ ಅವನಿಗೇ ಮೊದಲು.

ಅಮೆರಿಕದವರು ತಡವಾಗಿಯಾದರೂ ಇದನ್ನು ಕಂಡುಕೊಂಡರು. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜಿನಲ್ಲಿ, ಅಲ್ಲಿಯ ವೆಟರನ್ಸ್ ಆಸ್ಪತ್ರೆಯವರು ಕಾಲೇಜಿನೊಳಗೇ ಸೈನಿಕ ವಿದ್ಯಾರ್ಥಿಗಳಿಗಾಗಿ ಚಿಕಿತ್ಸೆ ಶುರುಮಾಡಿದರು. ವೆಟರನ್ಸ್ ಇಲಾಖೆಯ ‘ವೈಟಲ್’ ಎಂಬ ಕಾರ್ಯಕ್ರಮದ ಒಟ್ಟು ತಿರುಳೂ ಅದೇ: ಆಸ್ಪತ್ರೆಯ ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು ತಾವೇ ಕಾಲೇಜಿಗೆ ಬಂದು ಕೂರುತ್ತಾರೆ. ಮಾತಾಡಿಸುವುದು, ಆಸ್ಪತ್ರೆಗೆ ಹೆಸರು ನೋಂದಾಯಿಸಲು ನೆರವಾಗುವುದು, ಅಂಗವೈಕಲ್ಯ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡಿಸುವುದು, ಅಧ್ಯಾಪಕರಿಗೆ ನಾಲ್ಕು ಮಾತು ತಿಳಿಹೇಳುವುದು. ಮಗನ ಮನೆಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಹತ್ತಿರದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಮಾಜಿ ಸೈನಿಕರ ಕೊಠಡಿ ನೋಡಿದ್ದೆ. ಬಲಕ್ಕೆ ಹಣದ ಕಾಗದಪತ್ರ ನೋಡುವ ಮೇಜು. ಎಡಕ್ಕೆ ಒಂದು ಫ್ರಿಜ್ಜು, ಕಾಫಿ ಯಂತ್ರ, ಹಳೆಯ ಸೋಫಾ. ಒಳಗೆ ಬಾಗಿಲು ಹಾಕಿಕೊಳ್ಳುವ ಸಣ್ಣ ಕೋಣೆ, ವಾರದಲ್ಲಿ ಕೆಲವು ದಿನ ಅಲ್ಲಿ ಮನಶ್ಶಾಸ್ತ್ರಜ್ಞೆ. ಆ ಕೋಣೆಗೆ ಹೊರಗಿನಿಂದ ಬೇರೆ ಬಾಗಿಲಿಲ್ಲ. ಒಳಹೊಕ್ಕವನು ಕಾಫಿಗೆ ಬಂದನೋ, ಫಾರಂಗೆ ಬಂದನೋ, ಅಳಲು ಬಂದನೋ ಹೊರಗಿನವರಿಗೆ ಗೊತ್ತಾಗದು. ಕಟ್ಟಿದವರು ಯೋಚಿಸಿಯೇ ಕಟ್ಟಿದರೋ ಜಾಗವಿಲ್ಲದೆ ಹಾಗಾಯಿತೋ, ನಾನು ಕೇಳಲಿಲ್ಲ.

ಆರೋಗ್ಯ ಎಂದರೆ ಮನಸ್ಸೊಂದೇ ಅಲ್ಲ. ನಮ್ಮ ಸಿನಿಮಾಗಳಲ್ಲಿ ಮಿಲ್ಟ್ರಿಯವನಿಗೆ ಕೈ ಹೋಗಿರುತ್ತದೆ ಅಥವಾ ಕಾಲು. ಅಮೆರಿಕದ ಮಾಜಿ ಸೈನಿಕರಿಗೆ ಸರ್ಕಾರ ಪರಿಹಾರ ಕೊಡುವ ತೊಂದರೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಕಿವಿಯೊಳಗೆ ನಿಲ್ಲದೆ ಗುಂಯ್‌ಗುಡುವ ಸದ್ದು, ಟಿನಿಟಸ್. ಫ್ಯಾನಿನ ಸದ್ದು, ಹೊರಗೆ ಬಸ್ಸಿನ ಹಾರ್ನು, ಹಿಂದಿನ ಬೆಂಚಿನ ಪಿಸುಮಾತು, ಇವುಗಳ ನಡುವೆ ಮೇಷ್ಟ್ರ ಮಾತು ಹಿಡಿಯುವುದಕ್ಕೇ ಅವನ ಅರ್ಧ ಶಕ್ತಿ ಹೋಗುತ್ತದೆ. ಬೋರ್ಡಿನ ಕಡೆ ತಿರುಗಿ ಪಾಠ ಮಾಡುವ ನಮ್ಮಂಥವರಿಂದ ಉಳಿದರ್ಧ. ಇನ್ನೊಂದು, ತಲೆಗೆ ಬಿದ್ದ ಆಘಾತ. 2000ದಿಂದ ಈಚೆಗೆ ಅಮೆರಿಕದ ಸೇನೆಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಇಂಥ ಪ್ರಕರಣಗಳು ದಾಖಲಾಗಿವೆ. ಹೆಚ್ಚಿನವು ಸೌಮ್ಯ. ಬಾಂಬಿನಿಂದ ಆದವೇ ಎಲ್ಲವೂ ಅಲ್ಲ, ತರಬೇತಿಯಲ್ಲಿ, ವಾಹನ ಅಪಘಾತದಲ್ಲಿ ಆದವೂ ಬಹಳ. ಹೊರಗೆ ಗಾಯವಿಲ್ಲ, ಆದರೆ ಓದಿದ ಪುಟ ಮುಗಿಸುವಷ್ಟರಲ್ಲಿ ಮೇಲಿನ ಸಾಲು ಮರೆತಿರುತ್ತದೆ. ಟ್ಯೂಬ್‌ಲೈಟಿನ ಬೆಳಕಿಗೆ ತಲೆ ಸಿಡಿಯುತ್ತದೆ. ಸೇನಾ ನೆಲೆಗಳ ಕಸದ ಗುಂಡಿಗಳಲ್ಲಿ ಏನೇನೋ ಸುಟ್ಟ ಹೊಗೆ ಕುಡಿದು ಶ್ವಾಸಕೋಶ ಕೆಟ್ಟವರ ಚಿಕಿತ್ಸೆಗೆ ಅಲ್ಲಿ ಕಾನೂನು ಬಂದದ್ದು 2022ರ ಆಗಸ್ಟಿನಲ್ಲಿ. ‘ಅವನಿಗೆ ಓದುವ ಮನಸ್ಸಿಲ್ಲ’ ಎಂದು ಸ್ಟಾಫ್ ರೂಮಿನಲ್ಲಿ ನಾವು ಹೇಳುವ ಮಾತಿನ ಹಿಂದೆ ಇವುಗಳಲ್ಲಿ ಯಾವುದು ಇರಬಹುದೋ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. 2011ರಲ್ಲಿ ಡೇವಿಡ್ ರಡ್ ಮತ್ತು ಸಂಗಡಿಗರು ಆರು ನೂರು ಚಿಲ್ಲರೆ ಮಾಜಿ ಸೈನಿಕ ವಿದ್ಯಾರ್ಥಿಗಳನ್ನು ಕೇಳಿ, ನೂರಕ್ಕೆ 46 ಮಂದಿಗೆ ಬದುಕಿನ ಯಾವುದೋ ಹಂತದಲ್ಲಿ ಸಾಯುವ ಆಲೋಚನೆ ಬಂದಿತ್ತು ಎಂದು ಬರೆದರು. ಪತ್ರಿಕೆಗಳು ಆ ಅಂಕಿಯನ್ನು ಎತ್ತಿ ಮೆರೆಸಿದವು. ಅದು ತಾವಾಗಿ ಮುಂದೆ ಬಂದು ಉತ್ತರಿಸಿದವರ ಸಮೀಕ್ಷೆ, ಎಲ್ಲರ ಎಣಿಕೆಯಲ್ಲ ಎನ್ನುವುದನ್ನು ಕೆಲವರಷ್ಟೇ ಬರೆದರು. ಎಚ್ಚೆತ್ತುಕೊಳ್ಳಲು ಆ ಅಂಕಿ ಸಾಕು. ಹೆದರಿಕೊಳ್ಳಲು ಬಳಸಿದರೆ ಮಾತ್ರ ಅನ್ಯಾಯ. ಬಹುಪಾಲು ಮಾಜಿ ಸೈನಿಕರು ಸಮಯಕ್ಕೆ ಬರುತ್ತಾರೆ, ಓದುತ್ತಾರೆ, ಪಾಸಾಗುತ್ತಾರೆ. ಅಲ್ಲಿನ ವಿದ್ಯಾರ್ಥಿ ಸೈನಿಕರಲ್ಲಿ ಹೆಚ್ಚಿನವರು 24ರಿಂದ 40ರೊಳಗಿನವರು, ಹಲವರು ಮಕ್ಕಳೊಂದಿಗರು. ಅವರ ಮುಖ್ಯ ಕಷ್ಟ ಎಷ್ಟೋ ಸಲ ಯುದ್ಧದ ನೆನಪಲ್ಲ, ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದು. ಜತೆಗೆ ಒಂಟಿತನ: ಪ್ಲಟೂನಿನಲ್ಲಿ ಮೂವತ್ತು ಜನ ಒಟ್ಟಿಗೆ ಉಂಡು ಮಲಗುತ್ತಿದ್ದವನು, ಕ್ಯಾಂಟೀನಿನಲ್ಲಿ ಒಬ್ಬನೇ ಚಹಾ ಕುಡಿಯುತ್ತಾನೆ. ಅವನನ್ನು ಸಿಡಿಯಲಿರುವ ಗುಂಡು ಎಂದು ನೋಡುವ ಅಧ್ಯಾಪಕ, ವೀರಯೋಧ ಎಂದು ಶಾಲು ಹೊದಿಸುವ ಅಧ್ಯಾಪಕ, ಇಬ್ಬರೂ ನೋಡದಿರುವುದು ಒಬ್ಬ ವಿದ್ಯಾರ್ಥಿಯನ್ನು. ಎರಡನೆಯ ಅಧ್ಯಾಪಕ ಯಾರೆಂದು ಆಗಲೇ ಹೇಳಿದ್ದೇನೆ.

ಇದೆಲ್ಲ ದೂರದ ಕಥೆ, ನಮಗೇನು ಎಂದು ಹಿಂದಿನ ಸಾಲಿನಲ್ಲಿ ಯೂನಿಫಾರ್ಮ್ ಹಾಕಿಕೊಂಡು ನೆಟ್ಟಗೆ ಕೂತಿರುವ ಎನ್‌ಸಿಸಿ ಮಕ್ಕಳು ಕೇಳಬಹುದು. ನಿಮಗೇ ಇದು ಹೆಚ್ಚು.

ನಮ್ಮಲ್ಲಿ ಕಾಲೇಜು ಮತ್ತು ಸೈನಿಕ ಎಂದ ಕೂಡಲೇ ನೆನಪಾಗುವುದು ಡಿಫೆನ್ಸ್ ಕೋಟಾ. ಅದು ಸೈನಿಕನ ಮಕ್ಕಳಿಗೆ. ಸೈನಿಕ ತಾನೇ ಓದಲು ಬರುತ್ತಾನೆ ಎಂದು ನಮ್ಮ ಅರ್ಜಿ ನಮೂನೆಗಳು ಇದುವರೆಗೆ ಅಷ್ಟಾಗಿ ಯೋಚಿಸಿಲ್ಲ. ಯೋಚಿಸುವ ಅಗತ್ಯವೂ ಬೀಳಲಿಲ್ಲ. ಮೂವತ್ತೈದು ನಲವತ್ತಕ್ಕೆ ಪಿಂಚಣಿ ಹಿಡಿದು ಬಂದವನಿಗೆ ಹೊಲ ಇತ್ತು, ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್ ಕೆಲಸ ಇತ್ತು, ಕ್ಯಾಂಟೀನ್ ಕಾರ್ಡು, 2003ರಿಂದ ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ ಇದ್ದವು. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಘೋಷಣೆಯಾಯಿತು. ಅದರಂತೆ ಹದಿನೇಳೂವರೆಯಿಂದ ಇಪ್ಪತ್ತೊಂದರ ಹುಡುಗರು, ಆ ಮೊದಲ ವರ್ಷಕ್ಕೆ ಮಾತ್ರ ಇಪ್ಪತ್ತಮೂರರವರೆಗೆ, ಅಗ್ನಿವೀರರಾಗಿ ನಾಲ್ಕು ವರ್ಷಕ್ಕೆ ಸೇರುತ್ತಾರೆ. ನೂರಕ್ಕೆ 25ರವರೆಗೆ ಜನರನ್ನು ಸೇನೆ ಉಳಿಸಿಕೊಳ್ಳುತ್ತದೆ. ಉಳಿದವರು ಘೋಷಣೆಯ ಲೆಕ್ಕದಂತೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಹಿಡಿದು ಊರಿಗೆ. ಪಿಂಚಣಿ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಅದರ ಜತೆಗಿನ ಆಸ್ಪತ್ರೆ ಸೌಲಭ್ಯವೂ ಯೋಜನೆಯಲ್ಲಿಲ್ಲ. ಮೊದಲ ವರ್ಷಕ್ಕೆ ಪ್ರಕಟಿಸಿದ ಭರ್ತಿ ಮೂರೂ ಪಡೆ ಸೇರಿ ಸುಮಾರು 46,000. 2022ರ ಕೊನೆಗೆ ಸೇರಿದವರ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ. ಯೋಜನೆ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇವತ್ತು ಬಂದಿಲ್ಲ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ ಊರಿಗೆ ಬಂದರೆ ಎಲ್ಲಿಗೆ ಹೋಗುತ್ತಾನೆ? ಕೆಲವರು ಪೊಲೀಸ್ ಪರೀಕ್ಷೆಗೆ, ಕೆಲವರು ವ್ಯಾಪಾರಕ್ಕೆ. ಹಲವರು ನಮ್ಮ ಈ ಕಾಂಪೌಂಡಿನೊಳಕ್ಕೆ. ಅವರಿಗಾಗಿ ಇಗ್ನೋ ಒಂದು ಪದವಿಯನ್ನು ರೂಪಿಸಿದೆ, ಅದರಲ್ಲಿ ಅರ್ಧ ಕ್ರೆಡಿಟ್ ಸೇನೆಯಲ್ಲಿ ಕಲಿತ ಕೌಶಲಕ್ಕೇ ಸಿಗುತ್ತದೆ. ಒಳ್ಳೆಯದು. ಆದರೆ ಅದು ಅಂಚೆಯಲ್ಲಿ ಓದುವ ಪದವಿ, ಮುಖ ನೋಡಿ ಮಾತಾಡಿಸುವವರು ಇಲ್ಲಿ ಬೇಕು.

ಬ್ರಿಟನ್ನಿನ ಒಂದು ಅಧ್ಯಯನ ನನ್ನನ್ನು ಬಿಡದೆ ಕಾಡುತ್ತದೆ. ಮ್ಯಾಂಚೆಸ್ಟರಿನ ನವ್ ಕಪೂರ್ ಮತ್ತು ಸಂಗಡಿಗರು 1996ರಿಂದ 2005ರವರೆಗೆ ಅಲ್ಲಿಯ ಸೇನೆ ಬಿಟ್ಟವರ ದಾಖಲೆ ನೋಡಿ 2009ರಲ್ಲಿ ಪ್ರಕಟಿಸಿದರು. ಒಟ್ಟಾರೆ ಸೇನೆ ಬಿಟ್ಟವರಲ್ಲಿ ಆತ್ಮಹತ್ಯೆ ಉಳಿದ ಜನರಿಗಿಂತ ಹೆಚ್ಚೇನಿಲ್ಲ. ಆದರೆ 24 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಗಂಡುಹುಡುಗರಲ್ಲಿ ಅದೇ ವಯಸ್ಸಿನ ಇತರರಿಗಿಂತ ಎರಡರಿಂದ ಮೂರು ಪಟ್ಟು. ಸ್ವಲ್ಪ ಕಾಲ ಮಾತ್ರ ಸೇವೆ ಮಾಡಿದವರಿಗೆ ಅಪಾಯ ಹೆಚ್ಚು, ಎಳೆಯ ವಯಸ್ಸಿನವರೇ ಮನೋವೈದ್ಯರ ಬಳಿ ಹೋಗಿದ್ದೂ ಬಹಳ ಕಡಿಮೆ. ಬ್ರಿಟನ್ನಿನಲ್ಲಿ ಬೇಗ ಬಿಟ್ಟವರಲ್ಲಿ ತರಬೇತಿಯಲ್ಲೇ ಸೋತು ಹೊರಬಂದವರೂ ಇದ್ದರು, ನಮ್ಮ ಅಗ್ನಿವೀರರು ಅವಧಿ ಮುಗಿಸಿ ಬರುವವರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೂ, ಇಪ್ಪತ್ತೆರಡನೆಯ ವಯಸ್ಸಿಗೆ ‘ನಿನ್ನನ್ನು ಉಳಿಸಿಕೊಳ್ಳಲಿಲ್ಲ’ ಎಂಬ ಮಾತನ್ನು ಮೂಟೆಯಲ್ಲಿ ಕಟ್ಟಿಕೊಂಡು ಬರುವ ಹುಡುಗನಿಗೆ, ಜಾತ್ರೆಯಲ್ಲಿ ಸಿಕ್ಕವರೆಲ್ಲ “ಯಾಕೋ ತಮ್ಮಾ, ನಿನ್ನ ಯಾಕ ತಗೋಲಿಲ್ಲ?” ಎಂದು ಕೇಳುವ ಊರಿಗೆ ಬರುವವನಿಗೆ, ನಾವು ಏನು ಸಿದ್ಧ ಮಾಡಿಟ್ಟಿದ್ದೇವೆ?

ಸಿದ್ಧವಿಲ್ಲದೆ ಇಲ್ಲ. 2022ರ ಅಕ್ಟೋಬರ್ 10ರಿಂದ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಸೇನೆಯವರಿಗಾಗಿ ಅದರದೇ ಪ್ರತ್ಯೇಕ ಘಟಕ 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಒಬ್ಬ ಅರ್ಹ ಕೌನ್ಸೆಲರ್ ಇರಬೇಕು ಎಂದು ಹೇಳಿದೆ. ನಮ್ಮ ಕಾಲೇಜಿನಲ್ಲಿ ಎಷ್ಟು ಸಾವಿರ ಮಕ್ಕಳಿದ್ದಾರೆ ಎಂದು ಪ್ರಾಚಾರ್ಯರಿಗೆ ಗೊತ್ತು. ಇದಕ್ಕೆಲ್ಲ ಅಮೆರಿಕದಷ್ಟು ದುಡ್ಡು ಬೇಡ. ಪ್ರವೇಶ ಅರ್ಜಿಯಲ್ಲಿ ‘ನೀವು ಸೇನೆಯಲ್ಲಿದ್ದಿರಾ?’ ಎಂಬ ಒಂದು ಸಾಲು, ಉತ್ತರಿಸುವುದು ಅವರ ಇಷ್ಟ. ಆ ಕೆಲಸ ನೋಡುವ ಒಬ್ಬ ಗುಮಾಸ್ತರು, ಅವರಿಗೆ ಎರಡು ದಿನದ ತರಬೇತಿ. ಆರೋಗ್ಯದ ಕಾಗದವನ್ನು ಮುಚ್ಚಿದ ಲಕೋಟೆಯಲ್ಲಿ ಪ್ರಾಚಾರ್ಯರಿಗೇ ಕೊಡಬಹುದು ಎಂಬ ನಿಯಮ. ಜುಲೈ 26ಕ್ಕೆ ವೇದಿಕೆ ಹತ್ತಲು ಕೇಳುವ ಮೊದಲು ಒಂದು ಲೋಟ ಚಹಾ, ಒಲ್ಲೆ ಎಂದರೆ ಅಲ್ಲಿಗೇ ಬಿಡುವುದು.

ನಮ್ಮ ಆ ನಾಯಕ್ ಸಾಹೇಬರು ಈಗ ಚೆನ್ನಾಗಿದ್ದಾರೆ. ಮುಕ್ತ ವಿಶ್ವವಿದ್ಯಾಲಯದಿಂದ ಡಿಗ್ರಿ ಮುಗಿಸಿದರು. ಚಿಕಿತ್ಸೆ ತೆಗೆದುಕೊಂಡರು, ಅದನ್ನು ಈಗ ಮುಚ್ಚಿಡುವುದಿಲ್ಲ. ನಾನು ಇದನ್ನು ಇಲ್ಲಿ ಹೇಳಬಹುದೇ ಎಂದು ಫೋನ್ ಮಾಡಿ ಕೇಳಿದೆ. “ಹೇಳ್ರಿ ಸರ್, ಹೆಸರ ಬ್ಯಾಡ್ರಿ” ಎಂದರು. ಇಪ್ಪತ್ತು ವರ್ಷದ ಹಿಂದೆಯೂ ಹೀಗೆ ಕೇಳಬಹುದಿತ್ತು.

ಕಳೆದ ತಿಂಗಳು ನನ್ನ ಪಿಂಚಣಿಯ ಒಂದು ಕಾಗದಕ್ಕಾಗಿ ನಮ್ಮ ಕಚೇರಿಗೆ ಬಂದಿದ್ದೆ. ಫೀ ಕೌಂಟರಿನ ಕಿಟಕಿಗೆ ಈಗ ಗಾಜು ಕೂರಿಸಿದ್ದಾರೆ, ಕೊರೊನಾ ಕಾಲದ್ದಂತೆ. ನಡುವೆ ಅಂಗೈಯಗಲದ ಒಂದು ತೂತು. ಒಳಗಿನವರಿಗೆ ಕೇಳಿಸಬೇಕೆಂದರೆ ಬಗ್ಗಿ, ಆ ತೂತಿಗೆ ಬಾಯಿ ಇಟ್ಟು, ಜೋರಾಗಿ ಹೇಳಬೇಕು. ನನ್ನ ಕೆಲಸವೇನೆಂದು ಹಿಂದೆ ನಿಂತಿದ್ದ ಹುಡುಗರಿಗೆಲ್ಲ ತಿಳಿಯಿತು. ಪಕ್ಕದಲ್ಲಿ ಬಾಗಿಲು ಹಾಕಿಕೊಂಡು ಮಾತಾಡುವ ಕೋಣೆ ಒಂದು ಸಿಗಬಹುದೇ ಎಂದು ಕೇಳಿದೆ. “ಅರ್ಜಿ ಕೊಟ್ಟ ಹೋಗ್ರಿ ಸರ್, ನೋಡೂಣು” ಎಂದರು. ಕೊಟ್ಟು ಬಂದಿದ್ದೇನೆ. ಅದರ ನಕಲು ಇಲ್ಲಿದೆ, ಪ್ರಾಚಾರ್ಯರೇ, ತೆಗೆದುಕೊಳ್ಳಿ.